ಕೊಡುವ ಮೊದಲೇ ತಿರುಗಿ ಬಂದ ಮುಯ್ಯಿ

ರಾಯಚೂರಿನಲ್ಲಿ ನಾನು ಮಾಡುವ ಕೆಲಸವನ್ನು ದೇವದುರ್ಗದಲ್ಲಿರುವ ಅವ್ವನಿಗೆ ತಿಳಿಸಿ ಹೇಳುವುದು ಕಷ್ಟ. ಬಡವರಿಗೆ ಸರಕಾರದ ಮನೆ ಮಂಜೂರಾದರೂ ಕಟ್ಟಲು ಪರವಾನಗಿ ಬೇಕು. ಪರವಾನಗಿಗೆ ಮೊದಲು ಅಭಿವೃದ್ಧಿ ಶುಲ್ಕ ತುಂಬಬೇಕು, ಅಂದರೆ ರಸ್ತೆ, ಚರಂಡಿ, ನೀರಿಗೆಂದು ಕಟ್ಟುವ ಹಣ. ತುಂಬಲಾಗದವರ ಪರವಾಗಿ ನಮ್ಮ ಸಣ್ಣ ಸಂಸ್ಥೆ ತುಂಬುತ್ತದೆ.

"ಅಂದ್ರ ಇನ್ನೂ ಹಾಕದ ರಸ್ತಾಕ್ಕ ರೊಕ್ಕ ಕಟ್ಟೂದು?" ಎಂದಳು ಅವ್ವ.

"ಹೌದವ್ವ."

"ಇದಕ್ಕ ಬಿ.ಎ. ಓದಬೇಕಿತ್ತೇನು?"

ಬಿ.ಎ. ನನಗೆ ಪುಕ್ಕಟೆ ಬಂದದ್ದಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಹಾಸ್ಟೆಲಿಗೆ ಹೊರಟಾಗ ಓಣಿಯವರು ರೊಟ್ಟಿ, ಶೇಂಗಾ ಹಿಂಡಿ, ಹಳೆಯ ಕೌದಿ ಕೊಟ್ಟಿದ್ದರು. ಮೊದಲ ಸಂಬಳ ಬಂದಾಗ ಅವ್ವ ನನ್ನನ್ನು ಆ ಮನೆಗಳಿಗೆಲ್ಲ ಕರೆದೊಯ್ದು ಒಂದೊಂದು ಕುಬಸದ ಬಟ್ಟೆ ಕೊಡಿಸಿದಳು. ನಮ್ಮಲ್ಲಿ ಮದುವೆಯಂಥ ಕಾರ್ಯಕ್ಕೆ ಕೊಟ್ಟದ್ದನ್ನು ಮುಯ್ಯಿ ಎನ್ನುತ್ತಾರೆ. ಅವರ ಮನೆಯ ಕಾರ್ಯಕ್ಕೆ ಅದನ್ನು ತಿರುಗಿಸುವ ತನಕ ನಮ್ಮವರಿಗೆ ಸಮಾಧಾನವಿಲ್ಲ.

ಆ ಹೆಂಗಸು ನಮ್ಮ ಕಚೇರಿಗೆ ಬಂದಾಗ ಬೇಸಿಗೆ ಇನ್ನೂ ಕಾಲಿಟ್ಟಿರಲಿಲ್ಲ. ಮೂಲತಃ ಪೋತ್ನಾಳದ ಕಡೆಯವಳು. ಗಂಡ ತೀರಿದ ಮೇಲೆ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕಸ ಹೊಡೆಯುತ್ತ, ಮಾನ್ವಿ ರಸ್ತೆಯಂಚಿನ ತನ್ನ ಸೈಟಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ಮಗಳೊಂದಿಗೆ ಇದ್ದಳು. ಆಕೆಯ ಹೆಸರಿಗೆ ಮನೆ ಬಂದಿತ್ತು. ಮಾರ್ಚ್ ಮುಗಿಯುವುದರೊಳಗೆ ಶುಲ್ಕ ತುಂಬದಿದ್ದರೆ ಆ ಮನೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತಿತ್ತು.

"ದೊಡ್ಡವ್ವ, ಸೋಮವಾರ ಬಂದು ಹೆಬ್ಬೆಟ್ಟು ಕೊಡು. ರೊಕ್ಕ ನಾವು ತುಂಬ್ತೀವಿ," ಎಂದೆ.

"ಕೊಡೋರು ಯಾರಬೇ? ಅವರ ಮನಿ ಎಲ್ಲದ?"

"ಭಾಳ ಮಂದಿ ಕೂಡಿ ಕೊಟ್ಟಿದ್ದು. ಯಾರಂತ ಹೇಳಲಿ?"

"ಮತ್ತ ಮುಯ್ಯಿ ಯಾರಿಗೆ ತಿರುಗಿಸಲಿ?"

"ತಿರುಗಿಸೂದೇನಿಲ್ಲ ದೊಡ್ಡವ್ವ."

ಆಕೆ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು. "ತಿರುಗಿಸಬ್ಯಾಡ ಅಂದ್ರ ಅದು ಭಿಕ್ಷಾ ಆತಲ್ಲಬೇ. ಭಿಕ್ಷಾದ ಮನ್ಯಾಗ ಕಾಲ ಚಾಚಿ ಹ್ಯಾಂಗ ಮಲಗಲಿ? ನನಗೂ ವಯಸ್ಸಾತು. ನಿಮ್ಮ ಕಾರ್ಯ ಬರೂತನ ಇರ್ತೀನೋ ಇಲ್ಲೋ."

"ಆತು, ನನ್ನ ಮದಿವಿಗೆ ಹಾಕು," ಎಂದು ನಕ್ಕೆ.

"ನಿನ್ನ ಮದಿವಿ ನಂಬಿಕೊಂಡು ಕುಂತ್ರ ನನ್ನ ಮೊಮ್ಮಕ್ಕಳು ತಿರುಗಿಸಬೇಕು!" ಕಚೇರಿಯವರೆಲ್ಲ ನಕ್ಕರು. ಆಕೆಯೂ ನಗುತ್ತ ಹೊರಟಳು.

ಸೋಮವಾರ ಬರಲಿಲ್ಲ. ಗಿರಣಿಯಲ್ಲಿ ಕೆಲಸವಿರಬಹುದೆಂದು ಎರಡು ದಿನ ಬಿಟ್ಟು ಗುಡಿಸಲಿಗೆ ಹೋದೆ. ಮಗಳೊಬ್ಬಳೇ ಇದ್ದಳು.

"ಅವ್ವ ದೇವದುರ್ಗದ ಕಡೆ ಮೆಣಸಿನಕಾಯಿ ಬಿಡಿಸಾಕ ಹೋಗ್ಯಾಳ್ರೀ, ಅಕ್ಕಾ. ಕೂಲಿ ಚಲೋ ಕೊಡಾಕತ್ತಾರಂತ."

"ಈಗ ಯಾಕ ಹೋದಳು? ಹೆಬ್ಬೆಟ್ಟು ಕೊಡೂದಿತ್ತಲ್ಲ!"

"ಸೀರಿ ತರಾಕ್ರೀ. ನಿಮಗ. ಮೊದಲ ಮುಯ್ಯಿ ಹಾಕಿ ಆಮ್ಯಾಲ ಮನಿ ಅಂದಳು. ಎಷ್ಟ್ ಹೇಳಿದ್ರೂ ಕೇಳಲಿಲ್ಲ."

ಮಗಳ ಹೆಬ್ಬೆಟ್ಟು ನಡೆಯುವುದಿಲ್ಲ. ಮನೆ ಯಾರ ಹೆಸರಿಗೆ ಬಂದಿದೆಯೋ ಅವರೇ ಎದುರಿಗೆ ಇರಬೇಕು. ಆಕೆಯ ಹತ್ತಿರ ಫೋನ್ ಇರಲಿಲ್ಲ. ಮಗಳು ಜೊತೆಗೆ ಹೋದವರ ನಂಬರ್ ಕೊಟ್ಟಳು. ಅದು ಹತ್ತಲಿಲ್ಲ.

ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದೆ. ಅವ್ವನೂ ನನ್ನ ಜೊತೆ ಹೊಲ ಹೊಲ ತಿರುಗಿದಳು. ಕೂಲಿಯವರು ಒಂದು ಕಡೆ ನಿಲ್ಲುವುದಿಲ್ಲ, ಕಾಯಿ ಕೆಂಪಾದ ಹೊಲಕ್ಕೆ ಟಂಟಂ ಆಟೋ ಹತ್ತಿ ಹೋಗುತ್ತಿರುತ್ತಾರೆ. "ನಿನ್ನೆ ಇಲ್ಲೇ ಇದ್ರು, ಈಗ ನದಿ ಕಡೆ ಹೋದ್ರು ನೋಡ್ರಿ" ಎನ್ನುವ ಮಾತನ್ನು ಹೋದಲ್ಲೆಲ್ಲ ಕೇಳಿದೆವು. ಸಿಗಲಿಲ್ಲ. ಹಿಂದಿರುಗುವಾಗ ನನ್ನ ಕಣ್ಣು ಉರಿಯುತ್ತಿತ್ತು. ಮೆಣಸಿನ ಘಾಟಿಗೆ ಎಂದು ಅವ್ವನಿಗೆ ಹೇಳಿದೆ.

ಅಧಿಕಾರಿಗಳನ್ನು ಕಂಡು ಸಮಯ ಕೇಳಿದೆವು. ಕೊಡಲು ಬರುವುದಿಲ್ಲ ಎಂದರು. ಮಾರ್ಚ್ ಮುಗಿಯಿತು. ಮನೆ ಪಟ್ಟಿಯಲ್ಲಿದ್ದ ಮುಂದಿನವರ ಹೆಸರಿಗೆ ಹೋಯಿತು. ಅವರೂ ಬಡವರೇ. ಅವರ ಶುಲ್ಕವನ್ನು ತುಂಬಿ ಬಂದವಳೂ ನಾನೇ.

ಏಪ್ರಿಲಿನ ಬಿಸಿಲಲ್ಲಿ ಆಕೆ ಬಂದಳು. ಹೊಲದಲ್ಲಿ ಜ್ವರ ಬಂದು ಮಲಗಿದ್ದಳಂತೆ. ಮುಖ ಇಳಿದಿತ್ತು, ಬೆರಳ ತುದಿಗಳು ಸುಲಿದಿದ್ದವು. ಪ್ಲಾಸ್ಟಿಕ್ ಚೀಲದಿಂದ ಹಸಿರು ಸೀರೆ, ಅದರ ಮೇಲೆ ಕುಬಸದ ಬಟ್ಟೆ, ಎಲೆ ಅಡಿಕೆ ತೆಗೆದು ಮೇಜಿನ ಮೇಲಿಟ್ಟಳು.

"ತಗೋಬೇ. ಈಗ ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಒತ್ತತೀನಿ."

ಹೇಳಲೇಬೇಕಿತ್ತು. ಹೇಳಿದೆ. ಆಕೆ ಎಲೆ ಅಡಿಕೆಯನ್ನು ಸೀರೆಯ ನಡುವಿಗೆ ಸರಿಸಿಟ್ಟಳು. ಆಮೇಲೆ, "ಮತ್ತ ಯಾವಾಗ ಬರತದ?" ಎಂದಳು.

"ಗೊತ್ತಿಲ್ಲ ದೊಡ್ಡವ್ವ. ಬಂದ್ರ ನಾನೇ ಮನಿಗೆ ಬಂದು ಹೇಳ್ತೀನಿ." ಸೀರೆಯನ್ನು ಆಕೆಯ ಕಡೆ ಸರಿಸಿದೆ. "ಇದನ್ನ ಮಗಳಿಗೆ ಉಡಸು. ನಾವು ಏನೂ ಕೊಡಲೇ ಇಲ್ಲಲ್ಲ."

ಆಕೆ ಕೈ ಹಿಂದೆ ತೆಗೆದುಕೊಂಡಳು. "ಹಾಕಿದ ಮುಯ್ಯಿ ತಿರುಗಿ ಒಯ್ಯತಾರೇನು? ಓದಿದಾಕಿ ಇಷ್ಟ ತಿಳಿಯಂಗಿಲ್ಲೇನು?"

ಎಲೆ ಅಡಿಕೆಯೊಂದಿಗೆ ಎರಡೂ ಕೈಯಿಂದ ತೆಗೆದುಕೊಂಡೆ. ಆಕೆ ಬಾಗಿಲವರೆಗೆ ಹೋಗಿ ಚಪ್ಪಲಿ ಮೆಟ್ಟುವಾಗ ಗೋಡೆ ಹಿಡಿದಳು.

ಆ ಯೋಜನೆ ಮತ್ತೆ ಬಂದಿಲ್ಲ. ಮಾನ್ವಿಯ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಆ ತಗಡು ಕಾಣುತ್ತದೆ. ಒಮ್ಮೊಮ್ಮೆ ಇಳಿದು ಹೋಗುತ್ತೇನೆ. ಆಕೆ ಮನೆಯ ಮಾತು ಎತ್ತುವುದಿಲ್ಲ. ನೀರು ಕೊಟ್ಟು, ನಾನು ಉಟ್ಟ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ಅದನ್ನ ಇನ್ನೂ ಉಟ್ಟಿಲ್ಲೇನಬೇ?" ಎನ್ನುತ್ತಾಳೆ.

"ಉಡ್ತೀನಿ ದೊಡ್ಡವ್ವ," ಎನ್ನುತ್ತೇನೆ.