ರುಕ್ಕು ಬರೆದ ತೀರ್ಪು

"ಚಿಕ್ಕಪ್ಪಾ, ಕಾಯಿ ಯಾರಿಗೆ ಸೇರ್ಬೇಕು?"

ದಿಂಡಿಗಲ್ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿಯುತ್ತಲೇ ನನ್ನ ಅಣ್ಣನ ಮಗಳು ರುಕ್ಮಿಣಿ ಕೇಳಿದ ಮೊದಲ ಪ್ರಶ್ನೆ ಇದು. ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದು ಬಂದಿದ್ದಳು. ಕೈಯಲ್ಲಿದ್ದ ಚೀಲ ಕೆಳಗಿಡುವಷ್ಟೂ ತಾಳ್ಮೆಯಿಲ್ಲ.

(ಮೊದಲ ಪ್ರಶ್ನೆ ಇದೇ ಆಗಿತ್ತೇ? ಮೊದಲು ಕಾಫಿ ಕೇಳಿದಳು ಎನ್ನುತ್ತಾಳೆ ನನ್ನ ಹೆಂಡತಿ. ಅವಳೂ ಸ್ಟೇಷನ್ನಿಗೆ ಬಂದಿದ್ದಳು. ಇರಬಹುದು. ಆದರೆ ಕಾಫಿಯಿಂದ ಅಂಕಣ ಶುರುವಾಗುವುದಿಲ್ಲ. ನಾನು ಹೇಳುವುದನ್ನೆಲ್ಲ ನಂಬಬೇಡಿ ಎಂದು ಹಿಂದೆಯೂ ಹೇಳಿದ್ದೇನೆ.)

"ಯಾವ ಕಾಯಿ?" ಎಂದೆ.

"ತೆಂಗಿನಕಾಯಿ. ಮರದ ಬುಡ ಒಬ್ಬನ ತೋಟದಾಗೆ. ಮರ ಬಾಗಿ, ತಲೆ ಪಕ್ಕದವನ ಮನೆ ಮೇಲೆ. ಕಾಯಿ ಯಾರದು? ಇದೇ ಪ್ರಶ್ನೆ."

"ನೀನೇನು ಬರೆದೆ?"

"ಇಬ್ರಿಗೂ ಅಂತ. ಒಂದು ವರ್ಷ ಅವನು, ಒಂದು ವರ್ಷ ಇವನು. ಗರಿ ಬಿದ್ದು ಓಡು ಒಡೆದ್ರೆ ಮರದವನು ಹಾಕಿಸ್ಕೊಡ್ಬೇಕು. ಮರಕ್ಕೆ ನೀರು ಹೊಯ್ಯೋದು ಇಬ್ರೂ."

ಎಷ್ಟು ಚೆಂದದ ತೀರ್ಪು! ಪ್ಲಾಟ್‌ಫಾರ್ಮಿನಲ್ಲೇ ಅವಳ ಬೆನ್ನು ತಟ್ಟಿದೆ. ಅವಳ ಹಿಂದೆ ನೀರಿನ ಕೂಜ ಹಿಡಿದು ಅಣ್ಣ ಇಳಿಯುತ್ತಿದ್ದ. ಅವನ ಮುಖದಲ್ಲಿ ಆಗ ಏನಿತ್ತು? ಈಗ ನೆನೆದರೆ ಚಿಂತೆ ಇದ್ದಂತೆ ಕಾಣುತ್ತದೆ. ಈಗ ಗೊತ್ತಿರುವುದನ್ನು ಆಗಿನ ಮುಖಕ್ಕೆ ಬಳಿಯುವುದು ಸುಲಭ.

ಹೊಸ ಓದುಗರಿಗೆ ಎರಡು ಮಾತು. ನಮ್ಮದು ತಮಿಳುನಾಡಿನ ಕಂಬಂ ಕಣಿವೆಯ ಒಕ್ಕಲು ಮನೆ. ಹೊರಗೆ ತಮಿಳು, ಒಳಗೆ ಕನ್ನಡ, ಎಷ್ಟು ತಲೆಮಾರಿನಿಂದಲೋ. ಬೆಂಗಳೂರಿನ ಕನ್ನಡವನ್ನು ಮೊದಲ ಸಲ ಕೇಳಿದಾಗ ನನ್ನ ಅಪ್ಪ, "ಚೆನ್ನಾಗೈತೆ, ಯಾವ ಭಾಷೆ?" ಎಂದಿದ್ದರು. ಊರಿನ ನಮ್ಮ ಜನರಿಗೆ ಅಪ್ಪನೇ ನಾಟಾಮೆ. ಅಂದರೆ ಪಂಚಾಯ್ತಿಯ ಹಿರಿಯ. ಬೇಲಿ, ನೀರು, ಎಮ್ಮೆ, ಮದುವೆ ಎಲ್ಲದರ ಜಗಳವೂ ಅವರ ಚಾವಡಿಗೆ ಬರುತ್ತದೆ. ಕೋರ್ಟಿಗೆ ಹೋಗುವವರು ಕಡಿಮೆ.

ಅಪ್ಪನ ನ್ಯಾಯಕ್ಕೆ ಒಂದು ಪದ್ಧತಿ ಇದೆ. ಜಗಳ ತಂದ ಇಬ್ಬರೂ ಏನಾದರೊಂದನ್ನು ಪಡೆದೇ ಮನೆಗೆ ಹೋಗಬೇಕು. ಬರಿಗೈಲಿ ಯಾರೂ ಏಳಬಾರದು. ಕೊನೆಗೆ ಒಂದೇ ತಟ್ಟೆಯಿಂದ ಇಬ್ಬರೂ ವೀಳ್ಯ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಮಾತು ಮುಗಿಯಿತು, ಮತ್ತೆ ಎತ್ತುವಂತಿಲ್ಲ. ಯಾಕೆ ಹೀಗೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ನಾಳೆ ಇಬ್ರೂ ಒಂದೇ ಕಾಲುವೆ ನೀರು ಕಟ್ಬೇಕಲ್ಲೋ" ಎಂದರು.

ಇಂಥದ್ದೇ ಒಂದು ನ್ಯಾಯ ಹೋದ ವರ್ಷ ನಮ್ಮ ಮನೆಯೊಳಗೇ ನಡೆಯಿತು. ವಾದಿ ರುಕ್ಕು, ಪ್ರತಿವಾದಿ ಅವಳಪ್ಪ. ಮಧುರೆಯಲ್ಲಿ ಬಿ.ಎ. ಮುಗಿಸಿ ಬಂದವಳು ಲಾ ಓದುತ್ತೇನೆ ಎಂದಳು. ಅಣ್ಣ ಮದುವೆ ಎಂದ. ಹುಡುಗ ಅವಳ ಸೋದರಮಾವನ ಮಗ. ನಮ್ಮಲ್ಲಿ ಅವನಿಗೇ ಮೊದಲ ಹಕ್ಕು. ಒಳ್ಳೆಯ ಹುಡುಗ, ಬತ್ತಲಗುಂಡಿನ ಸಂತೆಯಲ್ಲಿ ಸಗಟು ವ್ಯಾಪಾರದ ಮಂಡಿ ಇಟ್ಟಿದ್ದಾನೆ. (ಒಳ್ಳೆಯ ಹುಡುಗನಾಗಿರುವುದೇ ಕಷ್ಟ. ಕೆಟ್ಟವನಾಗಿದ್ದರೆ ಎಲ್ಲವೂ ಎಷ್ಟು ಸುಲಭವಾಗಿ ತೀರುತ್ತಿತ್ತು!)

ಅಪ್ಪ ಇಬ್ಬರ ಮಾತನ್ನೂ ಕೇಳಿದರು. "ಒಂದು ದಪ ಬರೀಲಿ. ಸೀಟು ಸಿಕ್ಕಿದ್ರೆ ಓದು, ಯಾರೂ ತಡೀಬಾರ್ದು. ಸಿಕ್ಕದೆ ಹೋದ್ರೆ ಪೊಂಗಲ್ ಕಳೆದು ತೈ ತಿಂಗಳಾಗೆ ಮದುವೆ, ಅವಳೂ ತಡೀಬಾರ್ದು. ಶರಿಯಾ?" ಶರಿ ಎಂದರು ಇಬ್ಬರೂ. ಅಣ್ಣನೂ ಮಗಳೂ ಒಂದೇ ತಟ್ಟೆಯಿಂದ ವೀಳ್ಯ ತೆಗೆದುಕೊಂಡರು. ಆವತ್ತು ರುಕ್ಕುವಿನ ಮುಖ ಅರಳಿತ್ತು. ಗೆದ್ದವಳಂತೆ ಇದ್ದಳು.

ಆಮೇಲೆ ಶುರುವಾಯಿತು ಓದು. ಕಾಲೇಜಿನವರು ತಿಳಿಸಿದ್ದು ಇಷ್ಟೇ: ಒಂದು ವ್ಯಾಜ್ಯ ಕೊಡುತ್ತೇವೆ, ಒಂದು ಗಂಟೆಯಲ್ಲಿ ತೀರ್ಮಾನವನ್ನೂ ಕಾರಣವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು. ನಾನೀಗ ಇರುವ ದಿಂಡಿಗಲ್ಲಿನಲ್ಲಿ ನಮ್ಮ ಮನೆಯ ಎದುರಿಗೇ ಒಬ್ಬ ವಕೀಲರಿದ್ದಾರೆ. ಅವರ ಬಳಿ ಕರೆದುಕೊಂಡು ಹೋದೆ. ತಮಿಳಿನವರು, ಮಾತು ಕಡಿಮೆ. "ಗಡಿಯಾರ ಮುಂದಿಟ್ಟುಕೊಂಡು ಬರಿ. ಕೊಟ್ಟದ್ದನ್ನು ಎರಡು ಸಲ ಓದು, ಆಮೇಲೆ ಪೆನ್ನು ತೆಗಿ. ಎಲ್ಲಿ ತಪ್ಪುತ್ತೀಯೋ ಅಲ್ಲೇ ಮತ್ತೆ ಮತ್ತೆ ಬರಿ. ಬರುವುದನ್ನೇ ಬರೆಯುತ್ತ ಕೂರಬೇಡ" ಎಂದರು.

ಒಳ್ಳೆಯ ಸಲಹೆ. ರುಕ್ಕು ಪಾಲಿಸಿದಳು ಕೂಡ. ಊರಿಗೆ ಹೋಗಿ ಗಡಿಯಾರ ಮುಂದಿಟ್ಟುಕೊಂಡಳು. ಇಂಗ್ಲಿಷು ತಿದ್ದಿಕೊಂಡಳು. ಆದರೆ ಬರೆಯಲು ವ್ಯಾಜ್ಯ ಎಲ್ಲಿಂದ ತರುವುದು? ಚಾವಡಿ ಇದೆಯಲ್ಲ! ಸಂಜೆಯಾದರೆ ತಾತನ ಹಿಂದೆ ಕಂಬಕ್ಕೊರಗಿ ಕೂರುತ್ತಿದ್ದಳು. ವಾದ ಮುಗಿದು, ತೀರ್ಪಿಗೆ ಮೊದಲು, ಅಪ್ಪ ತಿರುಗಿ ನೋಡುತ್ತಿದ್ದರು.

"ಏನ್ ವಕೀಲಮ್ಮಾ, ನೀ ಏನಂತೀಯೆ?"

ಒಂದು ಸಂಜೆ ನಾನೂ ಇದ್ದೆ. ಒಬ್ಬನ ಎಮ್ಮೆ ಇನ್ನೊಬ್ಬನ ಜೋಳ ಮೇಯ್ದಿತ್ತು. ರುಕ್ಕು ತಡವರಿಸಲೇ ಇಲ್ಲ. "ಎಮ್ಮೆಯವರು ಜೋಳದವರ ಮನೆಗೆ ಹಬ್ಬದ ತನಕ ಹಾಲು ಕೊಡ್ಲಿ. ಜೋಳದವರು ಬೇಲಿ ಕಟ್ಕೊಳ್ಲಿ. ಮುಳ್ಳು ಎಮ್ಮೆಯವರು ತಂದಾಕ್ಲಿ."

ಚಾವಡಿ ನಕ್ಕಿತು. "ಅಡಿಯೇ, ತಾತನ ಬಾಯಿ ಕದ್ದವ್ಳೆ!" ಎಂದಳು ಒಬ್ಬ ಅಜ್ಜಿ. "ಕೋಟು ಹೊಲಿಸ್ರಪ್ಪಾ ಮಗೀಗೆ" ಎಂದ ಎಮ್ಮೆಯವನು. ಸೋತವನೇ ಹೊಗಳುವ ತೀರ್ಪು! ಅಪ್ಪ ಹೆಮ್ಮೆಯಿಂದ ಅದನ್ನೇ ಸಾರಿದರು. ತಾತ ಮೊಮ್ಮಗಳ ತೀರ್ಪು ಬೇರೆಯಾದದ್ದೇ ಇಲ್ಲ ಎಂದು ಊರೆಲ್ಲ ಮಾತು.

ಹಾಗೆ ದಿನವೂ ಅಭ್ಯಾಸ. ದಿನವೂ ಚಪ್ಪಾಳೆ. ಇದಕ್ಕಿಂತ ಒಳ್ಳೆಯ ತಯಾರಿ ಯಾವ ಪಟ್ಟಣದ ಹುಡುಗನಿಗೆ ಸಿಕ್ಕೀತು?

ಪರೀಕ್ಷೆಯಿಂದ ಬಂದ ಮರುದಿನ ಬೆಳಗ್ಗೆ ರುಕ್ಕು ನನ್ನ ಜೊತೆ ವಕೀಲರ ಮನೆಗೆ ಹೋಗಿ ತನ್ನ ಉತ್ತರವನ್ನು ಒಂದು ಉಸಿರಿನಲ್ಲಿ ಒಪ್ಪಿಸಿದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಪ್ರಶ್ನೆಯ ಮೇಲೆ ಒಂದು ನಿಯಮ ಕೊಟ್ಟಿದ್ದರಾ ಅಮ್ಮಾ?"

"ಕೊಟ್ಟಿದ್ರು ಸಾರ್. ಮರ ಯಾರ ನೆಲದಾಗೆ ಬೇರು ಬಿಟ್ಟೈತೋ ಫಲ ಅವರದು ಅಂತ."

"ಮತ್ತೆ?"

ವಕೀಲರು ನಿಧಾನವಾಗಿ ಹೇಳಿದರು: "ನೀನು ಬರೆದದ್ದು ಒಳ್ಳೆಯ ರಾಜಿ. ರಾಜಿ ಮಾಡಿಸು ಎಂದು ಅವರು ಕೇಳಿರಲಿಲ್ಲ. ನಿಯಮ ಕೊಟ್ಟು, ಇದನ್ನು ಈ ಮರಕ್ಕೆ ಹಚ್ಚಿ ನೋಡು ಅಂದಿದ್ದರು. ಕಾಯಿ ಬುಡದವನದು. ಇನ್ನೊಬ್ಬನಿಗೆ ಏನೂ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಬರೆಯಬೇಕಿತ್ತು."

"ಏನೂ ಇಲ್ವಾ?"

"ಏನೂ ಇಲ್ಲ."

ರಸ್ತೆ ದಾಟಿ ನಮ್ಮ ಮನೆಗೆ ಬಂದು ಅವಳು ಅಡುಗೆಮನೆಯಲ್ಲಿ ಕೂತಳು. ನನ್ನ ಹೆಂಡತಿ ಒಲೆಯ ಮೇಲಿದ್ದುದನ್ನು ಕೆಳಗಿಳಿಸಿ ಪಕ್ಕದಲ್ಲಿ ಕೂತಳು. ನಾನು ಬಾಗಿಲಲ್ಲಿ ನಿಂತು, ನಿಯಮ ಕಣ್ಣಿಗೆ ಬೀಳಲಿಲ್ಲವಾ ಎಂದು ಕೇಳಿದೆ.

"ಬಿತ್ತು ಚಿಕ್ಕಪ್ಪಾ. ಓದಿದೆ. ಪಕ್ಕದ ಮನೆಯವನು ಪಾವಂ ಅನ್ನಿಸ್ತು. ಗರಿ ಬೀಳೋದು ಅವನ ಮೇಲೆ, ಕಸ ಗುಡಿಸೋದು ಅವನು. ಅವನ ಬರಿಗೈಲಿ ಹೆಂಗೆ ಕಳಿಸ್ಲಿ?"

ಪ್ರಶ್ನೆಪತ್ರಿಕೆಯಲ್ಲಿ ಗರಿಯೂ ಇರಲಿಲ್ಲ, ಕಸವೂ ಇರಲಿಲ್ಲ. ಅವನ್ನು ಅವಳೇ ತಂದಿದ್ದಳು, ಚಾವಡಿಯಿಂದ.

ಆಯ್ಕೆಯಾದವರಲ್ಲಿ ರುಕ್ಕುವಿನ ಹೆಸರು ಬರಲಿಲ್ಲ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಅತ್ತಿಗೆ ಹೇಳುವುದು, ಹೊರಟ ದಿನ ಬತ್ತಲಗುಂಡಿನಲ್ಲಿ ಬಸ್ಸು ಕೆಟ್ಟು ನಿಂತಿತು, ಅಲ್ಲೇ ಶಕುನ ಕೆಟ್ಟಿತು ಎಂದು. ಅಪ್ಪನಿಗೆ ಪರೀಕ್ಷೆಯ ಮೇಲೇ ಸಿಟ್ಟು: "ಇನ್ನೊಬ್ಬನಿಗೆ ಏನೂ ಇಲ್ಲ ಅನ್ನೋಕೆ ಓದು ಯಾಕ ಬೇಕು?" ರುಕ್ಕು ಕೂಡ ಒಂದೇ ಥರ ಹೇಳುವುದಿಲ್ಲ. ನನ್ನ ಹತ್ತಿರ ನಿಯಮ ಓದಿದೆ ಎಂದವಳು, ನನ್ನ ಹೆಂಡತಿಯ ಹತ್ತಿರ ಆತುರದಲ್ಲಿ ಸರಿಯಾಗಿ ಓದಲೇ ಇಲ್ಲ ಎಂದಿದ್ದಾಳೆ. ಯಾವುದು ನಿಜ? ಎರಡೂ ಇರಬಹುದು.

ಅಣ್ಣನ ಮಾತು ನನಗೆ ಮರೆಯಲಾಗುತ್ತಿಲ್ಲ. "ಅವಳು ಒಳಗೆ ಬರೀತಿದ್ಲು. ನಾನು ಗೇಟಿನಾಗೆ ನಿಂತು ಸಾಮೀನ ಬೇಡ್ಕಂಡೆ. ಸೀಟು ಸಿಕ್ಲಿ ಅಂತ ಬೇಡ್ಕಂಡೆನೋ, ಸಿಕ್ದೆ ಇರ್ಲಿ ಅಂತ ಬೇಡ್ಕಂಡೆನೋ, ಈಗ ನೆನಪಿಲ್ಲ ಕಣೋ." ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ.

ನನ್ನದೂ ಒಂದು ಕಥೆ ಇದೆ, ನೀವು ಈಗ ಓದುತ್ತಿರುವುದು. ಚಾವಡಿ ಅವಳನ್ನು ಕೆಡಿಸಿತು ಎನ್ನುವ ಕಥೆ. ಬಹಳ ಅಚ್ಚುಕಟ್ಟಾಗಿ ಕೂರುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಅವಳಿಗಿಂತ ಚೆನ್ನಾಗಿ ಬರೆದವರು ಬೇಕಾದಷ್ಟು ಮಂದಿ ಇದ್ದಿರಬಹುದು. ಅವಳು ಬುಡದವನದೇ ಕಾಯಿ ಎಂದು ಬರೆದಿದ್ದರೂ ಸೀಟು ಸಿಕ್ಕುತ್ತಿರಲಿಲ್ಲವೇನೋ. ಯಾರು ಬಲ್ಲರು?

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಪರೀಕ್ಷೆಗೆ ಓದುವ ಮಕ್ಕಳು ಮನೆಯಲ್ಲಿದ್ದರೆ ಕೇಳಿಸಿಕೊಳ್ಳಿ. ನಾವು ಅಭ್ಯಾಸ ಎಂದುಕೊಂಡಿರುವುದರಲ್ಲಿ ಅರ್ಧಕ್ಕರ್ಧ ಅಭ್ಯಾಸವೇ ಅಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಹಾರ್ಮೋನಿಯಂ ಕಲಿಯುತ್ತಾರೆ. ಬರುವ ಒಂದು ಹಾಡನ್ನು ದಿನಾ ನುಡಿಸುತ್ತಾರೆ. ನಾವು ದಿನಾ ಭೇಷ್ ಎನ್ನುತ್ತೇವೆ. ಗೆದ್ದದ್ದನ್ನೇ ಮತ್ತೆ ಗೆಲ್ಲುವುದಕ್ಕೆ ಹಬ್ಬ ಎನ್ನಬಹುದು, ಪಾಠ ಎನ್ನಲಾಗದು. ತಪ್ಪಿದಾಗ ಮುಖ ಗಂಟಿಕ್ಕುವ ಒಬ್ಬರಾದರೂ ರುಕ್ಕುವಿನ ಎದುರು ಕೂತಿದ್ದರೆ? ಅವಳಿಗೆ ಸಿಕ್ಕಿದ್ದು ಪ್ರೀತಿಸುವವರ ಸಭೆ. ಪ್ರೀತಿಸುವವರು ಪರೀಕ್ಷಕರಾಗುವುದಿಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಚಿನ್ನಾಳಪಟ್ಟಿಗೆ ಹೋಗಿ ಮದುವೆಯ ಸೀರೆ ತರುವ ಮಾತು ಆಗಲೇ ನಡೆದಿತ್ತು. ಚಾವಡಿಯಲ್ಲಿ ಆವತ್ತು ಜಗಳಗಳಿರಲಿಲ್ಲ. ಅಪ್ಪ ಒಬ್ಬರೇ ಅಡಿಕೆ ಕತ್ತರಿಸುತ್ತಿದ್ದರು. ರುಕ್ಕು ಬಂದು ಎದುರಿಗೆ ಕೂತಳು. ತಾತನ ಹಿಂದೆ, ಕಂಬದ ಹತ್ತಿರ ಕೂರಲಿಲ್ಲ. ಜಗಳ ತಂದವರು ಕೂರುವ ಜಾಗದಲ್ಲಿ ಕೂತಳು.

"ತಾತಾ, ಇನ್ನೊಂದು ದಪ ಬರೀತೀನಿ."

"ವೀಳ್ಯ ತಕ್ಕಂಡಾಯ್ತಲ್ಲ ನನ್ ಕಣ್ಣು. ಮಾತು ಮುಗೀತು."

"ನ್ಯಾಯ ಅಂದ್ರೆ ಇಬ್ರೂ ಏನಾನ ತಕ್ಕಂಡು ಏಳ್ಬೇಕು ಅಂತೀಯೆ. ಅಪ್ಪಂಗೆ ಮದುವೆ ಸಿಕ್ತು. ನಂಗೆ ಏನು ಸಿಕ್ತು?"

"ಪರೀಟ್ಚೆ ಬರೆದ್ಯಲ್ಲ, ಅದು ನಿನ್ನ ಪಾಲು."

"ಅದು ಒಂದು ಗಂಟೆ ತಾತಾ."

ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಅಣ್ಣ ಒಳಗಿನಿಂದ ಬಾಗಿಲ ತನಕ ಬಂದ, ಅಲ್ಲೇ ನಿಂತ. ಅಪ್ಪ, "ಏಳು ಕಣ್ಣು, ದೀಪ ಹಚ್ಚೋ ಹೊತ್ತಾಯ್ತು" ಎಂದರು. ಅವಳು ಎದ್ದು ಒಳಗೆ ಹೋದಳು. ಕೈಯಲ್ಲಿ ಏನೂ ಇರಲಿಲ್ಲ.

ರುಕ್ಕುವಿಗೆ ಒಂದು ಗಂಟೆ, ಅಣ್ಣನಿಗೆ ಅವಳ ಉಳಿದ ವಯಸ್ಸೆಲ್ಲ: ಇದನ್ನು ಸಮಪಾಲು ಎಂದು ಕರೆಯುವುದನ್ನು ನಾವೆಲ್ಲ ಯಾವ ಚಾವಡಿಯಲ್ಲಿ ಕೂತು ಅಭ್ಯಾಸ ಮಾಡಿದೆವು?