ಅತ್ತೆಗೆ ಹೊಲಿದ ಬೆಲ್ಟು

ನಮ್ಮ ಕಾರ್ಖಾನೆ ಎಂದರೆ ಔಷಧಿ ಅಂಗಡಿಯ ಹಿಂದಿನ ಎರಡು ಕೋಣೆ, ನಾಲ್ಕು ಹೊಲಿಗೆ ಯಂತ್ರ. ಬೆನ್ನುನೋವು, ಹರ್ನಿಯಾ, ಆಪರೇಷನ್ ಆದ ಹೊಟ್ಟೆ, ಎಲ್ಲಕ್ಕೂ ಬೆಲ್ಟು ಹೊಲಿಯುತ್ತೇವೆ. ನನ್ನ ಪಕ್ಕದ ಯಂತ್ರದವನಿಗೆ ಕಾಲಿಂಚು ಎಂದು ಹೆಸರಿಟ್ಟವಳು ನಾನೇ. ಕಾಲು ಇಂಚು ಹೆಚ್ಚುಕಮ್ಮಿಯಾದರೆ ಇಡೀ ಬೆಲ್ಟು ಬಿಚ್ಚಿ ಮತ್ತೆ ಹೊಲಿಯುವ ಮಹಾನುಭಾವ. ಅಳತೆಗೆ ಬಂದವರಿಗೆ ಮೊದಲು "ಉಸಿರು ತುಂಬ್ಕೊಳ್ಳಿ" ಎನ್ನುತ್ತಾನೆ, ಟೇಪು ಆಮೇಲೆ. ಉಸಿರು ಬಿಟ್ಟಾಗ ಅಳೆದ ಬೆಲ್ಟು ಮನುಷ್ಯನನ್ನು ಹಿಂಡಿಬಿಡುತ್ತದೆ. ಅದು ಅವನಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ.

ಹುಟ್ಟಿದಾಗ ಅವನನ್ನು ಹೆಣ್ಣೆಂದು ಬರೆಸಿದರು. ತಾನು ಗಂಡು ಎನ್ನುವುದು ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ತಾಯಿಯಿಲ್ಲದವನನ್ನು ಸಾಕಿದವಳು ಸೋದರತ್ತೆ. ಹದಿನೇಳನೇ ವಯಸ್ಸಿಗೆ, ಎದೆ ಕಾಣದಿರಲಿ ಎಂದು, ಅಳತೆಗೆ ಸರಿಯಾದ ಒಳಅಂಗಿಯೊಂದನ್ನು ಕೈಯಾರೆ ಹೊಲಿದುಕೊಂಡ. ಅತ್ತೆ ಅದನ್ನು ಅವನೆದುರೇ ಕತ್ತರಿಸಿದಳು. "ಮನೆ ಹೆಣ್ಣುಮಗಳಿಗೆ ಇದೆಲ್ಲ ಯಾಕೆ?" ಇನ್ನೊಂದು ಹೊಲಿದ, ಅದಕ್ಕೂ ಕತ್ತರಿ. ಮೂರನೆಯದಕ್ಕೂ. ಕೊನೆಗೆ ಉಳುಕಿದ ಕಾಲಿಗೆ ಸುತ್ತುವ ಬ್ಯಾಂಡೇಜು ತಂದ. ಮನೆಯಲ್ಲಿ ಅನುಮಾನ ಬರದ ವಸ್ತು ಅದೊಂದೇ. ಉಸಿರು ಪೂರ್ತಿ ಬಿಟ್ಟು, ಹಲ್ಲು ಕಚ್ಚಿ, ಬಿಗಿದು ಸುತ್ತಿಕೊಳ್ಳುತ್ತಿದ್ದ. ಹನ್ನೊಂದು ವರ್ಷ, ಮಲಗುವಾಗಲೂ.

ಅವನಿಗಿದ್ದದ್ದು ಒಂದೇ ಆಸೆ. ಎದೆಯ ಆಪರೇಷನ್ ಮಾಡಿಸಿಕೊಂಡು, ಸೆಕೆಗಾಲದಲ್ಲಿ ಕಾರ್ಖಾನೆಯ ಉಳಿದ ಗಂಡಸರ ಹಾಗೆ ಅಂಗಿ ಕಳಚಿ ಕೂರಬೇಕು, ಯಾರೂ ಏನೂ ಕೇಳಬಾರದು. ಗುರುತು ಅಷ್ಟಾಗಿ ಕಾಣದ ಸಣ್ಣ ಗಾಯದ ಆಪರೇಷನ್ ಒಂದಿದೆ ಎಂದು ಓದಿಕೊಂಡಿದ್ದ. ಡಾಕ್ಟರಮ್ಮ ಅವನ ಚರ್ಮ ಎಳೆದು, ಬಿಟ್ಟು ನೋಡಿದರು.

"ಎದೆ ಕಟ್ಕೊಂಡವರಿಗೆಲ್ಲ ಹೀಗಾಗತ್ತೆ ಅಂತಲ್ಲ. ಬ್ಯಾಂಡೇಜು ಬಿಗಿದೂ ಬಿಗಿದೂ ನಿಮ್ಮ ಚರ್ಮ ಮಾತ್ರ ಸೋತಿದೆ. ಸಣ್ಣ ಗಾಯ ಮಾಡಿದ್ರೆ ಅದು ಕುಗ್ಗಲ್ಲ, ಜೋತುಬೀಳತ್ತೆ. ಉದ್ದಕ್ಕೆ ಕೊಯ್ದು, ಹೆಚ್ಚಾದದ್ದನ್ನ ತೆಗೀಬೇಕು."

ಸತ್ತ ಎಲಾಸ್ಟಿಕ್ಕನ್ನು ದಿನವೂ ಕೈಯಲ್ಲಿ ಹಿಡಿಯುವವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಎದೆ ಚಪ್ಪಟೆಯಾಯಿತು, ಅವನು ಖುಷಿಪಟ್ಟದ್ದೂ ನಿಜ. ಆದರೆ ಎರಡೂ ಕಡೆ ಕಂಕುಳಿನವರೆಗೆ ದಪ್ಪ ಗೆರೆ, ತುದಿಯಲ್ಲಿ ಸುಕ್ಕು. ಎರಡು ಬೇಸಿಗೆ ಕಳೆದರೂ ಅಂಗಿ ಕಳಚಲಿಲ್ಲ. ಬೆವರಿ ತೊಪ್ಪೆಯಾಗಿ ಕೂತು, "ನಮ್ಮತ್ತೆ ನನ್ನ ಕೈಗೆ ಸಿಗಲಿ" ಎನ್ನುತ್ತಿದ್ದ.

ಸಿಕ್ಕಳು. ಹರ್ನಿಯಾ ಆಪರೇಷನ್ ಮಾಡಿಸಿಕೊಂಡು, ಆರು ವಾರ ಬೆಲ್ಟು ಕಟ್ಟಬೇಕೆಂಬ ಡಾಕ್ಟರ ಚೀಟಿ ಹಿಡಿದು ತಾನಾಗಿಯೇ ಬಂದಳು. "ಏನೇ, ಇಲ್ಲಿದ್ದೀಯೇನೇ?" ಎಂದಳು, ಗಡ್ಡ ಬಿಟ್ಟವನಿಗೆ. ಅವನು ಟೇಪು ಕೈಗೆತ್ತಿಕೊಂಡ. ಉಸಿರು ತುಂಬಿಸಿ ಅಳತೆ ತೆಗೆದ, ನಾಳೆ ಬಾ ಎಂದ. ಅಷ್ಟು ಚೆಂದದ ಬೆಲ್ಟನ್ನು ಅವನು ಹಿಂದೆಂದೂ ಹೊಲಿದಿರಲಿಲ್ಲ, ಅಂಚಿಗೆ ಮೆತ್ತನೆ ಬಟ್ಟೆ ಬೇರೆ. ಸಿಟ್ಟು ಇಳಿಯಿತು ಅಂದುಕೊಂಡೆ, ದಡ್ಡಿ ನಾನು.

ಮರುದಿನ ಅತ್ತೆ ಬೆಲ್ಟು ಹಾಕಿಕೊಂಡು "ಹಾಯಾಗಿದೆ ಕಣೇ" ಎಂದಳು.

"ಬಿಚ್ಚಿ ಕೊಡು, ಒಂದು ದಾರ ಉಳಿದಿದೆ."

ಕೊಟ್ಟಳು. ದೊಡ್ಡ ಕತ್ತರಿ ತೆಗೆದು ನಡುಮಧ್ಯೆ ಕತ್ತರಿಸಿಬಿಟ್ಟ. "ಮನೆ ಹೆಣ್ಣುಮಗಳಿಗೆ ಇದೆಲ್ಲ ಯಾಕೆ?"

ಆಮೇಲೆ ಅಂಗಿಯ ಗುಂಡಿ ಬಿಚ್ಚಿದ. ಅಂಗಿ ಕುರ್ಚಿಗೆ ಬಿತ್ತು. "ನೋಡು. ಕಣ್ಣು ಬಿಟ್ಟು ನೋಡು. ಮೂರು ಒಳಅಂಗಿ ಕತ್ತರಿಸಿದೆಯಲ್ಲ, ಅದರ ಗುರುತು ಇದು."

ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ನಿಂತಳು. ನಾನು ಎದ್ದು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆ ತಣ್ಣಗಾಯಿತು.

ಬ್ಯಾಂಡೇಜಿನ ಸುರುಳಿಯೊಂದನ್ನು ಅವಳ ಕೈಗಿಟ್ಟ. "ಇದನ್ನೇ ಸುತ್ಕೋ. ನಾನು ಹನ್ನೊಂದು ವರ್ಷ ಸುತ್ಕೊಂಡೆ, ನಿನಗೆ ಆರೇ ವಾರ."

ಬಾಗಿಲು ದಾಟುತ್ತಿದ್ದವಳನ್ನು ಮತ್ತೆ ಕೂಗಿದ. "ಉಸಿರು ತುಂಬ್ಕೊಂಡು ಸುತ್ಕೋ ಅತ್ತೆ. ನನಗೆ ಅದನ್ನ ಯಾರೂ ಹೇಳಿರ್ಲಿಲ್ಲ."

ಅವಳು ಹೋದ ಮೇಲೆ ಯಂತ್ರಕ್ಕೆ ಕೂತು ಮುಂದಿನ ಬೆಲ್ಟು ಹಿಡಿದ. ಅಂಗಿ ಕುರ್ಚಿಯ ಮೇಲೇ ಇತ್ತು, ಫ್ಯಾನಿನ ಗಾಳಿ ನೇರ ಅವನೆದೆಗೆ ಬೀಸುತ್ತಿತ್ತು. ಸಂಜೆಯವರೆಗೆ ಯಾರೂ ಏನೂ ಕೇಳಲಿಲ್ಲ.