ಸುದ್ದಿ ಹಲಗೆಗೆ ಬಂದ ಅಪ್ಪ

ಸುದ್ದಿ ಎಂದರೆ ಏನು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ದ ಕಾಲವೊಂದಿತ್ತು. ನಾಲ್ಕನೇ ತರಗತಿಯಲ್ಲಿ ಮಾಸ್ತರರು ಅದನ್ನು ಕಲಿಸಲು ಹೊರಟ ಮೇಲೆ ಎಲ್ಲ ಕಲಸಿಹೋಯಿತು.

ನಮ್ಮ ಶಾಲೆ ತೋಡಾರಿನ ಹತ್ತಿರ, ಮೂಡಬಿದಿರೆಯಿಂದ ಮಂಗಳೂರಿಗೆ ಹೋಗುವ ರಸ್ತೆಯ ಬದಿಯಲ್ಲೇ ಇತ್ತು. ಬಸ್ಸು ನಿಲ್ಲುತ್ತಿದ್ದದ್ದು ಶಾಲೆಯ ಎದುರು. ಬಿಸಿಲೇರಿದರೆ ಬಸ್ಸಿಗೆ ಕಾಯುವವರು ನಮ್ಮ ಜಗಲಿಗೆ ಬಂದು ಎಲೆಯಡಿಕೆ ಬಿಚ್ಚಿ ಕೂರುತ್ತಿದ್ದರು, ನಾವು ಒಳಗೆ ಮಗ್ಗಿ ಕೂಗುವುದನ್ನು ಕೇಳಿ ತಲೆಯಾಡಿಸುತ್ತಿದ್ದರು. ಹಳೆಯ ಮಾಸ್ತರರ ಕಾಲದಲ್ಲಿ ಓದು ಎಂದರೆ ಕೂಗುವುದು. ಅವರು ಹೇಳಿದ್ದನ್ನು ನಾವು ಹೇಳಬೇಕು. ಪ್ರಶ್ನೆ ಕೇಳಿದವರಿಗೆ ಬೆತ್ತ. ಅದು ಎಷ್ಟು ಸುಲಭದ ಓದು ಎಂದು ಆಗ ನಮಗೆ ತಿಳಿದಿರಲಿಲ್ಲ.

ರಾಜ್ಯ ಒಂದಾದ ಹೊಸತರಲ್ಲಿ ಘಟ್ಟದ ಮೇಲಿನಿಂದ ಒಬ್ಬ ಎಳೆಯ ಮಾಸ್ತರರು ನಮ್ಮ ಶಾಲೆಗೆ ಬಂದರು. ತುಳುವಿನ ಒಂದು ಅಕ್ಷರ ಅವರಿಗೆ ಬಾರದು. ಮೊದಲನೆಯ ದಿನವೇ ಬೆತ್ತವನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿಬಿಟ್ಟರು.

"ಉತ್ತರ ಯಾರು ಬೇಕಾದ್ರೂ ಹೇಳ್ತಾರೆ. ನೀವು ಪ್ರಶ್ನೆ ಕೇಳೋದನ್ನ ಕಲೀರಿ" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏನನ್ನು ಕೇಳಬೇಕು ಎಂದು ಅವರೇ ಹೇಳಿಕೊಟ್ಟಿದ್ದರೆ ಖಂಡಿತ ಕೇಳುತ್ತಿದ್ದೆವು.

ಅವರು ಹುಡುಕಿದ ಉಪಾಯವೇ ಸುದ್ದಿ ಹಲಗೆ. ದಿನಾ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಎದ್ದು ನಿಂತು ಊರಿನ ಒಂದು ಸುದ್ದಿಯನ್ನು ಕನ್ನಡದಲ್ಲಿ ಹೇಳಬೇಕು. ಉಳಿದವರು ಪ್ರಶ್ನೆ ಕೇಳಬೇಕು. ಕೊನೆಗೆ ಮಾಸ್ತರರು ಅದನ್ನು ಜಗಲಿಯ ಕರಿಹಲಗೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಬಸ್ಸಿಗೆ ಕಾಯುವವರು ಅದನ್ನು ಓದುತ್ತಿದ್ದರು, ಓದಲು ಬಾರದವರು ಓದಿಸಿಕೊಳ್ಳುತ್ತಿದ್ದರು.

ಕಷ್ಟವೇನೆಂದರೆ, ನಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಏನಾಯಿತು ಎನ್ನುವುದು ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಒಬ್ಬ ಎದ್ದು "ನಮ್ಮ ಎಮ್ಮೆ ಕರು ಹಾಕಿತು" ಎಂದರೆ, ಆ ಕರುವಿನ ಬೆನ್ನು ಸವರಿ ಬಂದವನೇ "ಕರು ಗಂಡೋ ಹೆಣ್ಣೋ?" ಎಂದು ಕೇಳಬೇಕಾಗಿತ್ತು. ಗೊತ್ತಿರುವುದನ್ನು ಯಾಕೆ ಕೇಳುವುದು ಎಂದು ನಮಗೆ ನಗು. ಮಾಸ್ತರರಿಗೆ ಮಾತ್ರ ಪರಮ ಸಂತೋಷ. "ಶಾಭಾಸ್, ಒಳ್ಳೆ ಪ್ರಶ್ನೆ!" ಎನ್ನುತ್ತಿದ್ದರು.

ಒಂದು ಸೋಮವಾರ ನನ್ನ ಸರದಿ ಬಂತು. ಎಷ್ಟು ತಡಕಿದರೂ ನನ್ನ ಹತ್ತಿರ ಸುದ್ದಿ ಇರಲಿಲ್ಲ. ಬಾಯಿಗೆ ಬಂದ ಕನ್ನಡ ವಾಕ್ಯವನ್ನು ಹೇಳಿಬಿಟ್ಟೆ: "ಮೊನ್ನೆ ನಮ್ಮ ಮನೆಗೆ ಅಪ್ಪ ಬಂದಿದ್ದರು."

"ಅದು ಎಂತ ಸುದ್ದಿ ಮಾರಾಯ್ತಿ!" ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಗೊಣಗಿದ.

ಮಾಸ್ತರರ ಮುಖ ಮಾತ್ರ ಬದಲಾಯಿತು. "ಅಪ್ಪ ನಿಮ್ಮನೇಲಿ ಇರೋದಿಲ್ವೇನಮ್ಮಾ?"

"ಇಲ್ಲ ಮಾಸ್ಟ್ರೇ. ಅವರು ಅವರ ಮನೆಯಲ್ಲಿ ಇರುವುದು."

ಪ್ರಶ್ನೆ ಕೇಳಲು ಕೈ ಎತ್ತಿದವರನ್ನು ಅವರು ಕಣ್ಣಲ್ಲೇ ಕೂರಿಸಿದರು. ಹತ್ತಿರ ಬಂದು ನನ್ನ ತಲೆ ಸವರಿದರು. ನನಗೆ ಏನೂ ಅರ್ಥವಾಗಲಿಲ್ಲ. ನಾನೇನೋ ದೊಡ್ಡದು ಹೇಳಿರಬೇಕು ಎಂದು ಒಳಗೊಳಗೇ ಬೀಗಿದೆ.

ಆ ಕಾಲದ ನಮ್ಮ ಮನೆಯ ಕ್ರಮವನ್ನು ಇಲ್ಲಿ ಹೇಳಬೇಕು. ನಮ್ಮದು ಅಳಿಯಸಂತಾನದ ಕಟ್ಟು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ತಾಯಿಯ ಅಣ್ಣ ಮನೆಯ ಯಜಮಾನ. ನಮ್ಮವರಲ್ಲೂ ಎಷ್ಟೋ ಹೆಂಗಸರು ಮದುವೆಯಾಗಿ ಗಂಡನ ಮನೆಯಲ್ಲಿ ಬಾಳುತ್ತಿದ್ದರು. ಆದರೆ ಅಮ್ಮ ನಮ್ಮ ಮನೆಯ ಒಬ್ಬಳೇ ಮಗಳು. ಮನೆಯ ದೈವಕ್ಕೆ ದೀಪ ಇಡಲು ಅವಳು ಅಲ್ಲೇ ಉಳಿದಳು. ಅಪ್ಪ ಪೊಳಲಿಯ ಕಡೆ, ತನ್ನ ತಾಯಿಯ ಮನೆಗೆ ಯಜಮಾನ. ಅವರ ಅಕ್ಕನೂ ಆ ಅಕ್ಕನ ಗಂಡುಮಕ್ಕಳಾದ ಅಳಿಯಂದಿರೂ ಅವರನ್ನೇ ನಂಬಿಕೊಂಡಿದ್ದರು. ಹಾಗಾಗಿ ಅಪ್ಪ ಶನಿವಾರ ಸಂಜೆಯ ಬಸ್ಸಿಗೆ ನಮ್ಮಲ್ಲಿಗೆ ಬಂದು ಭಾನುವಾರ ಸಂಜೆ ಹೋಗುತ್ತಿದ್ದರು. ನಮ್ಮ ಮಾವನೂ ಶನಿವಾರ ಬಿಳಿ ಅಂಗಿ ತೊಟ್ಟು ಮಾಮಿಯ ಮನೆಗೆ ಹೊರಡುತ್ತಿದ್ದರು. ಅವರು ಹೋಗುವುದು, ಇವರು ಬರುವುದು. ಸೂರ್ಯ ಮುಳುಗುವಷ್ಟೇ ಸಹಜವಾಗಿತ್ತು ನನಗೆ ಅದು.

ಘಟ್ಟದ ಮೇಲಿನ ಮಾಸ್ತರರಿಗೆ ಇದು ಹೇಗೆ ಗೊತ್ತಾಗಬೇಕು? ಮನೆಬಿಟ್ಟು ಹೋಗಿದ್ದ ತಂದೆ ಕೊನೆಗೂ ಬಂದ ಎಂದು ಅವರ ಕರುಳು ಚುರುಕ್ಕೆಂದಿರಬೇಕು. ಹಲಗೆಯ ಮೇಲೆ ಬರೆದರು: "ನಮ್ಮ ನಾಲ್ಕನೇ ತರಗತಿಯ ವಿದ್ಯಾರ್ಥಿನಿಯ ತಂದೆ ಮನೆಗೆ ಮರಳಿದ್ದಾರೆ. ಶಾಲೆಗೆಲ್ಲ ಸಂತೋಷ."

ನಾಲ್ಕನೆಯಲ್ಲಿದ್ದ ಹುಡುಗಿ ನಾನೊಬ್ಬಳೇ.

ಓದಿದವರು ಅದನ್ನು ತಮ್ಮ ಕ್ರಮದಲ್ಲಿ ಓದಿಕೊಂಡರು. ಹೆಂಡತಿಯ ಮನೆಗೆ ಬಂದು ಸೇರಿದ್ದಾನೆ ಎಂದರೆ ತನ್ನ ಮನೆಯ ಯಜಮಾನಿಕೆ ಬಿಟ್ಟಿದ್ದಾನೆ. ಬಿಟ್ಟಿದ್ದಾನೆ ಎಂದರೆ ಅಲ್ಲಿ ಆಸ್ತಿ ಪಾಲಾಗುತ್ತಿದೆ. ಬಸ್ಸಿನ ಕಂಡಕ್ಟರ್ ಅದಕ್ಕೆ ಉಪ್ಪುಖಾರ ಹಚ್ಚಿ ಪೊಳಲಿಯ ಕಡೆಗೆ ಮುಟ್ಟಿಸಿದ. ಅಪ್ಪನ ಅಕ್ಕ ಊಟ ಬಿಟ್ಟು ಅತ್ತರಂತೆ. ಅಳಿಯಂದಿರು "ಮಾವ, ನಮ್ಮ ಪಾಲು ಯಾವಾಗ?" ಎಂದು ಎದುರಿಗೇ ಕೇಳಿದರಂತೆ.

ನಮ್ಮ ಮಾವನಿಗೂ ಬಿಸಿ ತಟ್ಟಿತು. ತನ್ನ ಮನೆಯಲ್ಲಿ ಭಾವ ಬಂದು ಕೂತಿದ್ದಾನೆ ಎಂದು ಜಗಲಿಯಲ್ಲಿ ಕೂತವರು ಆಡಿಕೊಂಡರೆ ಯಾರಿಗೆ ತಾನೇ ಸರಿಯಾದೀತು? ನನ್ನ ಕೈ ಹಿಡಿದು ನೇರ ಶಾಲೆಗೆ ನಡೆದರು.

"ಮಾಸ್ಟ್ರೇ, ಇದು ಎಂತ ನೀವು ಬರೆದದ್ದು?"

"ತಪ್ಪೇನಿದೆ ಸ್ವಾಮಿ? ತಂದೆ ಮಗಳ ಜೊತೆ ಇರದೆ ಇನ್ನೆಲ್ಲಿರಬೇಕು?"

"ಅವರ ಮನೆಯಲ್ಲಿ!"

"ಹಾಗಾದ್ರೆ ಈ ಹುಡುಗಿ ಇರೋದು ಯಾರ ಮನೇಲಿ?"

"ಅದು ನಮ್ಮ ಮನೆ."

"ನಿಮಗೆ ಮಕ್ಕಳಿಲ್ವಾ?"

"ಉಂಟು ಮಾರಾಯ್ರೇ! ಅವರು ಅವರ ಮನೆಯಲ್ಲಿ ಇದ್ದಾರೆ."

ಮಾಸ್ತರರು ಕುರ್ಚಿಯಲ್ಲಿ ಕುಸಿದು ಕೂತರು. ಮಾವನೂ ತಾನೇ ಆಡಿದ ಮಾತನ್ನು ಮೊದಲ ಸಲ ಕೇಳಿಸಿಕೊಂಡವರ ಹಾಗೆ ಹಿಡಿದಿದ್ದ ನನ್ನ ಕೈ ಬಿಟ್ಟರು. ನಾನು ಇಬ್ಬರನ್ನೂ ನೋಡಿದೆ. ಅಲ್ಲಿಯವರೆಗೆ ನನಗೆ ಅರ್ಥವಾಗಿದ್ದ ಮನೆ ಆ ಕ್ಷಣದಿಂದ ಅರ್ಥವಾಗದೇ ಹೋಯಿತು.

"ನಾನು ಕೇಳಬೇಕಾಗಿತ್ತು, ಕೇಳಲಿಲ್ಲ" ಎಂದು ಮಾಸ್ತರರು ಮೆಲ್ಲಗೆ ಹೇಳಿದರು. ಆಮೇಲೆ ಹಲಗೆ ಒರೆಸಿ ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು. "ಸುದ್ದಿ ನಿಂದು ಕಣಮ್ಮ. ಸರಿಯಾಗಿ ನೀನೇ ಬರಿ."

ಅಪ್ಪ ಬಂದರು ಎಂದರೆ ತಪ್ಪು, ಹೋದರು ಎಂದರೆ ಇನ್ನೂ ತಪ್ಪು. ತುಂಬ ಹೊತ್ತು ನಿಂತು ಕೊನೆಗೆ ಬರೆದೆ: "ಅಪ್ಪ ಶನಿವಾರ ಬರುತ್ತಾರೆ. ಭಾನುವಾರ ಹೋಗುತ್ತಾರೆ. ಅವರ ಮನೆ ಬೇರೆ, ನಮ್ಮ ಮನೆ ಬೇರೆ. ಜಗಳ ಇಲ್ಲ."

ಜಗಳ ಇಲ್ಲ ಎಂದು ಓದಿದ ಮೇಲೆ ಊರಿಗೆ ಖಾತ್ರಿಯಾಯಿತು, ಜಗಳ ಉಂಟು ಎಂದು.

ಆ ಶನಿವಾರ ಅಪ್ಪ ಬರಲಿಲ್ಲ. ಬಸ್ಸು ನಿಂತಿತು, ಯಾರೋ ಇಳಿದರು, ಹೊರಟೇಹೋಯಿತು. ತಾನು ಎಲ್ಲಿಗೂ ಹೋಗಿ ಸೇರಿಲ್ಲ ಎಂದು ಅಕ್ಕನಿಗೂ ಅಳಿಯಂದಿರಿಗೂ ತೋರಿಸಲು ಅವರು ಮನೆಯಲ್ಲೇ ಉಳಿದರಂತೆ. ನನಗೆ ಅಳು ತಡೆಯಲಾಗಲಿಲ್ಲ. ಬರುತ್ತಿದ್ದವರನ್ನು ಬಂದರು ಎಂದು ಹೇಳಿದ್ದಕ್ಕೆ ಅವರು ಬಾರದೇ ಹೋದರೆ ಅದು ಯಾವ ನ್ಯಾಯ? ಅವರು ಇನ್ನು ಯಾವತ್ತೂ ಬಾರದಿದ್ದರೆ?

"ಅಪ್ಪ ಯಾಕೆ ನಮ್ಮ ಜೊತೆ ಇರುವುದಿಲ್ಲ?" ಎಂದು ಅಮ್ಮನನ್ನು ಕೇಳಿದೆ. ಅದು ನಾನು ಮನೆಯಲ್ಲಿ ಕೇಳಿದ ಮೊದಲ ಪ್ರಶ್ನೆ. ಗಂಜಿ ಬಸಿಯುತ್ತಿದ್ದ ಅಮ್ಮನ ಕೈ ನಿಂತಿತು.

"ಯಾಕೆ, ಇಲ್ಲಿ ನಿನಗೆ ಎಂತ ಕಡಿಮೆ ಆಗಿದೆ?"

"ಕಡಿಮೆ ಇಲ್ಲ."

"ಮತ್ತೆ?"

ಮತ್ತೆ ಏನು ಎಂದು ನನಗೂ ಗೊತ್ತಿರಲಿಲ್ಲ. ಅಮ್ಮ ಹೊಗೆಗೆ ಕಣ್ಣೊರೆಸಿಕೊಂಡಳೋ ಬೇರೆ ಯಾವುದಕ್ಕೋ, ಅದೂ ತಿಳಿಯಲಿಲ್ಲ.

ಮುಂದಿನ ಶುಕ್ರವಾರ ಸರದಿ ನನ್ನದಲ್ಲದಿದ್ದರೂ ಹಲಗೆ ಬೇಕೆಂದು ಕೇಳಿದೆ. ಮಾಸ್ತರರು ಏನು ಎತ್ತ ಎನ್ನದೆ ಬಿಟ್ಟುಕೊಟ್ಟರು. ನಾನು ಬರೆದೆ: "ನಾಳೆ ಶನಿವಾರ. ಅಪ್ಪ ಬರಬೇಕು. ಇದು ಸುದ್ದಿ ಅಲ್ಲ."

ಕಂಡಕ್ಟರ್ ಬಸ್ಸಿನ ಮೆಟ್ಟಿಲಲ್ಲಿ ನಿಂತು ಅದನ್ನು ಓದಿದ. ಈ ಸಲ ಯಾರಿಗೂ ಕಣ್ಣು ಮಿಟುಕಿಸದೆ ಸೀಟಿ ಊದಿದ.

ಶನಿವಾರ ಸಂಜೆ ಅಪ್ಪ ಇಳಿದರು. ಅದೇ ಕೊಡೆ, ಅದೇ ಬಾಳೆಹಣ್ಣಿನ ಕಟ್ಟು. ಜಗಲಿಯಲ್ಲಿ ಕೂತು ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಮಾವ ಆಗಲೇ ಮಾಮಿಯ ಮನೆಗೆ ಹೊರಟುಹೋಗಿದ್ದರು. ಅಮ್ಮ ಒಳಗಿನಿಂದ ಯಾವತ್ತಿನ ಹಾಗೆ "ಬೆಲ್ಲ ನೀರು ಕೊಡು" ಎಂದಳು. ಮನೆಗೆ ಬಂದವರಿಗೆ ಮೊದಲು ಬೆಲ್ಲದ ತುಂಡು, ಒಂದು ಚೆಂಬು ನೀರು ಕೊಡುವುದು ನಮ್ಮ ಕಡೆಯ ಕ್ರಮ. ಹುಟ್ಟಿದಾಗಿನಿಂದ ನೋಡಿದ್ದೆ. ಬೆಲ್ಲದ ತಟ್ಟೆಗೆ ಕೈ ಹಾಕಿದಾಗ ಮಾತ್ರ, ಬೆಲ್ಲ ಕೊಡುವುದು ನೆಂಟರಿಗೆ ಎನ್ನುವುದು ಹೊಳೆಯಿತು. ಮಾವ ಗದ್ದೆಯಿಂದ ಬಂದರೆ ಬೆಲ್ಲ ಕೊಡುತ್ತಿರಲಿಲ್ಲ. ಕೈ ಹಿಂದಕ್ಕೆ ಬಂತು. ನೀರು ಮಾತ್ರ ತೆಗೆದುಕೊಂಡು ಹೋದೆ.

ಅಪ್ಪ ಕೈ ಚಾಚಿ ಕಾದರು. "ಬೆಲ್ಲ ಎಲ್ಲಿ ಮಗಾ?"

"ಮನೆಯವರಿಗೆ ಬೆಲ್ಲ ಕೊಡುವುದಿಲ್ಲ" ಎಂದೆ. ಸರಿಯಾದದ್ದನ್ನು ಹೇಳಿದೆನೋ, ಮತ್ತೊಂದು ಹಲಗೆ ಬರೆದೆನೋ ಗೊತ್ತಾಗಲಿಲ್ಲ.

ಅವರು ನನ್ನನ್ನು ನೋಡಿದರು. ಒಳಬಾಗಿಲಿಗೆ ಬಂದು ನಿಂತ ಅಮ್ಮನನ್ನೂ ನೋಡಿದರು. ಅಪ್ಪ ನೀರು ಕುಡಿದರು. ಆಮೇಲೆ, ಯಾವತ್ತೂ ಜಗಲಿಯಲ್ಲೇ ಬಿಟ್ಟೇಳುತ್ತಿದ್ದ ಆ ಚೆಂಬನ್ನು ತಾವೇ ಎತ್ತಿಕೊಂಡು ಬಾವಿಕಟ್ಟೆಗೆ ನಡೆದರು. ತೊಳೆದು ತಂದು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಎಲ್ಲಿಡಬೇಕೆಂದು ನಾನು ತೋರಿಸಿದೆ.

ಭಾನುವಾರ ಸಂಜೆಯ ಬಸ್ಸಿಗೆ ಹೋದರು.